ಒಂದೂವರೆ ತಿಂಗಳ ಮಗುವಿಗೆ ಯಾವ ಬೇಬಿ ಕ್ಯಾರಿಯರ್? ನಮ್ಮ ಮಂಗಳೂರಿನ ಸೆಕೆಗೆ ಯಾವುದು ಆಗುತ್ತದೆ?

ಕದ್ರಿ ಬಾಣಂತಿ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಒಂದೂವರೆ ತಿಂಗಳು. ಹುಟ್ಟುವಾಗ 2.6 ಕೆಜಿ ಇದ್ದಳು, ಮೊನ್ನೆ ತೂಕ ನೋಡಿದಾಗ 3.7. ನನಗೆ ಸಿಸೇರಿಯನ್ ಆಗಿದೆ. ಅಮ್ಮ ಬಾಣಂತನ ಮುಗಿಸಿ ಮುಂದಿನ ತಿಂಗಳು ಪುತ್ತೂರಿಗೆ ಹೊರಡುತ್ತಾರೆ. ಗಂಡನಿಗೆ ಸುರತ್ಕಲ್ ಕಡೆ ಶಿಫ್ಟ್ ಕೆಲಸ. ಆಮೇಲೆ ಹಗಲಿಡೀ ನಾನು ಮತ್ತು ಇವಳು ಮಾತ್ರ. ಇವಳೋ, ಕೆಳಗಿಟ್ಟ ಕೂಡಲೇ ಅಳು. ತೊಟ್ಟಿಲು ಇದೆ, ಜೋಲಿಯೂ ಕಟ್ಟಿದ್ದೇವೆ, ಎರಡೂ ಬೇಡ, ಎತ್ತಿಕೊಂಡೇ ಇರಬೇಕು. ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗಂಜಿ ಬಸಿಯಲು ಆಗುತ್ತದಾ ಹೇಳಿ.

ಮಗುವನ್ನು ಮೈಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್‌ಗಳನ್ನು ಆನ್‌ಲೈನ್‌ನಲ್ಲಿ ನೋಡಿ ನೋಡಿ ತಲೆ ಕೆಟ್ಟಿದೆ. ಸಾವಿರ ರೂಪಾಯಿಗೆ "ಸಿಕ್ಸ್ ಇನ್ ಒನ್, 0 ಇಂದ 36 ತಿಂಗಳು" ಅಂತ ಬಕಲ್ ಇರುವುದು ಸಿಗುತ್ತದೆ. ನಾಲ್ಕೈದು ಸಾವಿರದ್ದೂ ಇದೆ. ಫಾರಿನ್ ಕಂಪನಿಯದ್ದರ ರೇಟು ನೋಡಿ ಮೊಬೈಲ್ ಕೆಳಗಿಟ್ಟೆ. ಉದ್ದ ಬಟ್ಟೆ ಸುತ್ತಿಕೊಳ್ಳುವುದು ಒಂದು ಥರ, ಹೆಗಲಲ್ಲಿ ಎರಡು ರಿಂಗ್ ಇರುವುದು ಇನ್ನೊಂದು ಥರ. ಅತ್ತೆ ಮಾತ್ರ "ಕುತ್ತಿಗೆ ನಿಲ್ಲದ ಮಗುವನ್ನು ಚೀಲಕ್ಕೆ ಹಾಕುವುದಾ" ಅಂತ ಒಂದೇ ಮಾತು. ಅದನ್ನು ಕೇಳಿದ ಮೇಲೆ ನನಗೂ ಹೆದರಿಕೆ ಶುರುವಾಗಿದೆ. ನಾಲ್ಕು ಸಾವಿರದೊಳಗೆ ಆದರೆ ಒಳ್ಳೆಯದು. ಬಳಸಿದವರು ದಯವಿಟ್ಟು ಹೇಳಿ.

ಕಲ್ಸಂಕದ ಅಕ್ಕ:

ಮೊದಲು ಕಂಪನಿ ಹೆಸರು ಬದಿಗಿಡಿ. ಡಬ್ಬದ ಮೇಲಿನ ತಿಂಗಳ ಲೆಕ್ಕವನ್ನೂ ಬದಿಗಿಡಿ. ಲೇಬಲ್‌ನಲ್ಲಿ ಕನಿಷ್ಠ ತೂಕ ಎಷ್ಟು ಅಂತ ಬರೆದಿರುತ್ತದೆ, ಅದನ್ನು ಓದಿ. ಬೇಬಿಬ್ಯೋರ್ನ್ ಮಿನಿ, ಎರ್ಗೋಬೇಬಿ ಎಂಬ್ರೇಸ್ ಥರದ್ದು ಹುಟ್ಟಿದ ಮಗುವಿಗೇ ಅಂತ ಮಾಡಿದ್ದು, ಅವುಗಳಲ್ಲೂ 3.2 ಕೆಜಿ ಅಂತ ಇರುತ್ತದೆ. ನಮ್ಮ ಕಡೆ ಮಕ್ಕಳು ಎರಡೂವರೆ, ಎರಡು ಮುಕ್ಕಾಲು ಕೆಜಿ ಹುಟ್ಟುವುದೇ ಜಾಸ್ತಿ ಅಲ್ವಾ. ಅಂದರೆ ಹುಟ್ಟಿದ ದಿನದಿಂದ ಆಗುತ್ತದೆ ಅಂತ ಬರೆದದ್ದು ನಮ್ಮ ಎಷ್ಟೋ ಮಕ್ಕಳಿಗೆ ಹುಟ್ಟಿದ ದಿನ ಆಗುವುದೇ ಇಲ್ಲ. ನಿಮ್ಮ ಮಗಳು ಈಗ 3.7 ಇದ್ದಾಳೆ, ಆ ಗಡಿ ದಾಟಿದೆ, ಚಿಂತೆ ಇಲ್ಲ.

ಎರಡನೆಯದು ಕುತ್ತಿಗೆ. ನಿಮ್ಮ ಅತ್ತೆ ಹೇಳುವುದರಲ್ಲಿ ಅರ್ಧ ಸರಿ ಇದೆ. ಕುತ್ತಿಗೆ ನಿಂತಿಲ್ಲ, ಹಾಗಾಗಿ ಕ್ಯಾರಿಯರ್ ಅದನ್ನು ಹಿಡಿಯಬೇಕು. ಹಿಂದಿನ ಬಟ್ಟೆ ಮಗುವಿನ ಕುತ್ತಿಗೆಯವರೆಗೆ ಬರಬೇಕು, ಕಿವಿಯ ಕೆಳಗೆ ನಿಲ್ಲಬೇಕು. ಅದಕ್ಕಿಂತ ಕೆಳಗಿದ್ದರೆ ತಲೆ ಹಿಂದಕ್ಕೆ ವಾಲುತ್ತದೆ, ಮೇಲೆ ಹೋಗಿ ಮುಖ ಮುಚ್ಚಿದರೆ ಇನ್ನೂ ಅಪಾಯ. ಸಿಕ್ಸ್ ಇನ್ ಒನ್‌ನಲ್ಲಿ ಈ ಹಿಂಬದಿ ಪ್ಯಾನೆಲ್ ಎಲ್ಲ ವಯಸ್ಸಿಗೂ ಒಂದೇ ಅಳತೆ ಇರುವುದು ಕಾಣುತ್ತದೆ. ಒಂದೂವರೆ ತಿಂಗಳ ಮಗುವನ್ನು ಅದರೊಳಗೆ ಹಾಕಿದರೆ ಮುಳುಗಿಯೇ ಹೋಗುತ್ತದೆ. ಆ ಆರು ಪೊಸಿಷನ್‌ನಲ್ಲಿ ನಿಮಗೆ ಈಗ ಬೇಕಾದದ್ದು ಒಂದೇ ಒಂದು, ಎದೆಗೆ ಮುಖ ಮಾಡಿ ನೆಟ್ಟಗೆ ಕೂರಿಸುವುದು. ಉಳಿದ ಐದಕ್ಕೆ ದುಡ್ಡು ಕೊಡಬೇಡಿ.

ನಾನು ಇಬ್ಬರಿಗೂ ಬಳಸಿದ್ದು ರಿಂಗ್ ಸ್ಲಿಂಗ್. ನಮ್ಮ ದೇಶದಲ್ಲೇ ಸೋಲ್, ಅನ್ಮೋಲ್ ಥರದ ಬ್ರ್ಯಾಂಡ್‌ಗಳು ಹತ್ತಿಯಲ್ಲಿ ಮಾಡುತ್ತವೆ. ಒಂದೇ ಪದರ ಬಟ್ಟೆ, ಸೆಕೆಗೆ ಇದರಷ್ಟು ತಂಪು ಬೇರೆ ಯಾವುದೂ ಇಲ್ಲ. ಸಿಸೇರಿಯನ್ ಹೊಲಿಗೆಯ ಮೇಲೆ ಸೊಂಟಪಟ್ಟಿ ಬಂದು ಒತ್ತುವ ಗೋಜೂ ಇಲ್ಲ. ಕಷ್ಟ ಏನೆಂದರೆ ಭಾರ ಎಲ್ಲ ಒಂದೇ ಹೆಗಲಿಗೆ.

ಸುರತ್ಕಲ್ ದೊಡ್ಡಮ್ಮ:

ನನ್ನದು ಸ್ವಲ್ಪ ಖಾರ ಇರಬಹುದು, ಬೇಜಾರು ಮಾಡಬೇಡಿ. ನಾವು ಮೂರು ಮಕ್ಕಳನ್ನು ಈ ಪಟ್ಟಿ, ಬಕಲ್ ಯಾವುದೂ ಇಲ್ಲದೆ ಬೆಳೆಸಿದ್ದೇವೆ. ಸೊಂಟದಲ್ಲಿ ಕೂರಿಸಿಕೊಂಡು ನೀರು ಸೇದಿದ್ದೇವೆ. ಹಳೆ ಸೀರೆಯ ಜೋಲಿ ಇತ್ತು, ಸಾಕಿತ್ತು. ಈಗಿನವರಿಗೆ ಮಗು ಅತ್ತರೆ ಅಂಗಡಿಯಿಂದ ಏನಾದರೂ ತರಬೇಕು.

ಬಿಜೈ ಅಪ್ಪ:

ದೊಡ್ಡಮ್ಮ, ಸೊಂಟದಲ್ಲಿ ಕೂರಿಸಿದ್ದು ಕುತ್ತಿಗೆ ನಿಂತ ಮೇಲೆ ಅಲ್ವಾ? ಮತ್ತೆ ಆಗ ಮನೆ ತುಂಬ ಜನ ಇದ್ದರು. ಅತ್ತಿಗೆ, ನಾದಿನಿ, ಪಕ್ಕದ ಮನೆಯವರು, ಯಾರಾದರೂ ಎತ್ತಿಕೊಳ್ಳುತ್ತಿದ್ದರು. ಈಗ ಮೂರನೇ ಮಾಳಿಗೆಯ ಫ್ಲ್ಯಾಟ್‌ನಲ್ಲಿ ಬಾಗಿಲು ಹಾಕಿಕೊಂಡರೆ ಒಬ್ಬರೇ. ಅದಕ್ಕೆ ಈ ಪಟ್ಟಿ.

ಸುರತ್ಕಲ್ ದೊಡ್ಡಮ್ಮ:

ಅದು ಹೌದು. ಒಪ್ಪಿದೆ.

ಮಣಿಪಾಲದ ಸಿಸ್ಟರ್:

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡಿದವಳು. ಯಾವುದು ಕೊಂಡರೂ ಉಸಿರಾಟದ ವಿಷಯ ಮೊದಲು ತಿಳಿದುಕೊಳ್ಳಿ.

ಸಣ್ಣ ಮಗುವಿನ ತಲೆ ಭಾರ, ಕುತ್ತಿಗೆ ಮೆತ್ತಗೆ. ಬೆನ್ನು ಬಾಗಿ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಕಿರಿದಾಗುತ್ತದೆ. ದೊಡ್ಡವರಾದರೆ ತಲೆ ಎತ್ತುತ್ತಾರೆ. ಈ ಮಗುವಿಗೆ ಎತ್ತಲು ಬರುವುದಿಲ್ಲ, ಆ ಸ್ಥಿತಿಯಲ್ಲಿ ಜೋರಾಗಿ ಅಳುವುದಕ್ಕೂ ಆಗುವುದಿಲ್ಲ. ಹಾಗಾಗಿ ಸದ್ದಿಲ್ಲದೆ ಆಗಿಬಿಡುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ನಾಲ್ಕು ತಿಂಗಳೊಳಗಿನ ಮಕ್ಕಳನ್ನು ಸ್ಲಿಂಗ್‌ನಲ್ಲಿ ಹಾಕುವಾಗ ಜಾಗ್ರತೆ ಅಂತ ಎಚ್ಚರಿಕೆ ಕೊಟ್ಟಿತ್ತು. ಅವರು ಹೇಳಿದ್ದು ಎರಡು ಕಾರಣ. ಒಂದು ಈ ಗದ್ದದ್ದು. ಇನ್ನೊಂದು, ಬಟ್ಟೆ ಮೂಗು ಬಾಯಿಗೆ ಒತ್ತಿಕೊಳ್ಳುವುದು. ಅದಾದರೆ ಒಂದೆರಡು ನಿಮಿಷವೇ ಸಾಕು. ಅವಧಿಗೆ ಮೊದಲು ಹುಟ್ಟಿದವರು, ತೂಕ ಕಡಿಮೆ ಇರುವವರು, ಶೀತ ಕಫ ಆದ ಮಕ್ಕಳು ಇದ್ದರೆ ವೈದ್ಯರ ಹತ್ತಿರ ಕೇಳದೆ ಹಾಕಲೇಬೇಡಿ. ಚೀಲದ ಥರ ಆಳವಾಗಿದ್ದು, ಮಗುವನ್ನು ಅಡ್ಡ ಮಲಗಿಸುವ ಸ್ಲಿಂಗ್ ಎಲ್ಲಾದರೂ ಕಂಡರೆ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಹಾಕಿದ ಮೇಲೆ ನೋಡಬೇಕಾದದ್ದು ಇಷ್ಟು. ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ನಿಮ್ಮ ತುಟಿ ತಾಗಬೇಕು, ತಾಗದಿದ್ದರೆ ಕೆಳಗಾಗಿದೆ. ಮುಖ ಯಾವಾಗಲೂ ಕಾಣಬೇಕು, ಸೆರಗು ದುಪಟ್ಟಾ ಮುಚ್ಚಬಾರದು. ಗದ್ದದ ಕೆಳಗೆ ನಿಮ್ಮ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು. ಬಟ್ಟೆ ಬಿಗಿಯಾಗಿರಬೇಕು. ತುಂಬ ಜನ ಮಗುವಿಗೆ ನೋವಾಗುತ್ತದೆ ಅಂತ ಸಡಿಲ ಬಿಡುತ್ತಾರೆ, ಸಡಿಲ ಬಿಟ್ಟಾಗಲೇ ಮಗು ಕೆಳಗೆ ಜಾರಿ ಮುದುಡಿಕೊಳ್ಳುವುದು. ಮಗುವಿನ ಬೆನ್ನಿಗೆ ಅಂಗೈ ಇಟ್ಟು ಮೆಲ್ಲ ಒತ್ತಿ ನೋಡಿ. ಮಗು ನಿಮ್ಮ ಎದೆಯ ಕಡೆ ಇನ್ನೂ ಹತ್ತಿರ ಬಂದರೆ ಸಡಿಲ ಇದೆ ಅಂತ ಅರ್ಥ.

ಗಂಜಿ ಬಸಿಯುವ ವಿಷಯ ಬರೆದಿದ್ದೀರಿ, ಅದೊಂದು ಮಾತ್ರ ಬೇಡ. ಒಲೆ, ಬಿಸಿ ನೀರು, ಎಣ್ಣೆ, ಕತ್ತಿ ಇದ್ದ ಕಡೆ ಮಗುವನ್ನು ಕಟ್ಟಿಕೊಂಡು ನಿಲ್ಲಬೇಡಿ. ಅತ್ತರೆ ಅಳಲಿ, ತೊಟ್ಟಿಲಲ್ಲಿ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ.

ಕದ್ರಿ ಬಾಣಂತಿ:

ಸಿಸ್ಟರ್, ಥ್ಯಾಂಕ್ಸ್. ಎರಡು ಬೆರಳಿನ ವಿಷಯ ಯಾರೂ ಹೇಳಿರಲಿಲ್ಲ. ಒಂದು ಡೌಟು. ಆಸ್ಪತ್ರೆಯಲ್ಲಿ ತೂಕ ಕಡಿಮೆ ಇದ್ದ ಮಕ್ಕಳನ್ನು ಅಮ್ಮನ ಎದೆಗೆ ಕಟ್ಟಿ ಇಡುತ್ತಿದ್ದರು. ಅಷ್ಟು ಸಣ್ಣ ಮಕ್ಕಳಿಗೆ ಆಗುತ್ತದೆ ಅಂದರೆ ಕ್ಯಾರಿಯರ್ ಯಾಕೆ ಆಗುವುದಿಲ್ಲ?

ಮಣಿಪಾಲದ ಸಿಸ್ಟರ್:

ಅದು ಕಾಂಗರೂ ಮದರ್ ಕೇರ್. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ, ನಮ್ಮ ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಕೊಡಿ, ಹುಟ್ಟಿದ ಕೂಡಲೇ ಶುರು ಮಾಡಿ ಅಂತಲೇ ಹೇಳಿದೆ. ಆದರೆ ಅಲ್ಲಿ ಮಗು ಬರೀ ಮೈಯಲ್ಲಿ ಅಮ್ಮನ ಬರೀ ಎದೆಗೆ ಅಂಟಿಕೊಂಡಿರುತ್ತದೆ, ತಲೆ ಒಂದು ಬದಿಗೆ ತಿರುಗಿಸಿ ಸ್ವಲ್ಪ ಎತ್ತಿ ಇಟ್ಟಿರುತ್ತಾರೆ, ಕಟ್ಟುವುದನ್ನು ಸಿಬ್ಬಂದಿ ಕಲಿಸಿರುತ್ತಾರೆ. ಆ ಬಟ್ಟೆ ಆ ಮಗುವಿನ ಅಳತೆಗೆ ಕಟ್ಟಿದ್ದು. ಅಂಗಡಿಯ ಬಕಲ್ ಕ್ಯಾರಿಯರ್ ಅಷ್ಟು ಸಣ್ಣ ಅಳತೆಗೆ ಬರುವುದೇ ಇಲ್ಲ, ವ್ಯತ್ಯಾಸ ಅಲ್ಲಿ ಇರುವುದು.

ಕುಂದಾಪುರದ ಹೊಸ ಅಮ್ಮ:

ಉದ್ದ ಬಟ್ಟೆಯ ಬಗ್ಗೆ ನಾನು ಹೇಳುತ್ತೇನೆ. ಸ್ಟ್ರೆಚ್ ಆಗುವ ರ‍್ಯಾಪ್, ಐದು ಮೀಟರ್ ಹತ್ತಿರ ಉದ್ದ. ಮೊದಲ ತಿಂಗಳುಗಳಿಗೆ ಇದರಷ್ಟು ಮೆತ್ತಗಿನದು ಇಲ್ಲ, ಅದು ನಿಜ. ಭಾರ ಎರಡೂ ಹೆಗಲಿಗೆ ಹಂಚಿ ಹೋಗುತ್ತದೆ, ಮಗು ನಿದ್ದೆಗೆ ಜಾರುವುದು ಗೊತ್ತೇ ಆಗುವುದಿಲ್ಲ. ಆದರೆ ನಮ್ಮ ಊರಿನ ಹವೆಗೆ ಬಂದರೆ ಕಥೆ ಬೇರೆ. ಸರಿಯಾಗಿ ಕಟ್ಟಿದರೆ ಮಗುವಿನ ಮೇಲೆ ಮೂರು ಪದರ ಬಟ್ಟೆ ಬರುತ್ತದೆ. ಏಪ್ರಿಲ್‌ನಲ್ಲಿ ಕರೆಂಟ್ ಹೋದ ಮಧ್ಯಾಹ್ನ ಅದನ್ನು ಕಟ್ಟಿಕೊಂಡು ನೋಡಿ, ಇಬ್ಬರಿಗೂ ಬೆವರುಸಾಲೆ. ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಒಗೆದು ಹಾಕಿದರೆ ಒಣಗುವುದಿಲ್ಲ. ಆಟಿ ತಿಂಗಳಲ್ಲಿ ಒಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕಿದರೂ ಮಡಿಕೆಯಲ್ಲಿ ತೇವ ಉಳಿದು ಬೂಷ್ಟು ವಾಸನೆ ಬರುತ್ತದೆ. ಆ ವಾಸನೆಯ ಬಟ್ಟೆಯನ್ನು ಮಗುವಿನ ಮೂಗಿನ ಹತ್ತಿರ ಇಡಲು ಮನಸ್ಸು ಬರುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಕೊಳ್ಳುವುದಂತೂ ಆಗದ ಕೆಲಸ, ಎರಡು ತುದಿಯೂ ಕೆಸರಿಗೆ ತಾಗುತ್ತದೆ. ಮನೆಯಲ್ಲೇ ಕಟ್ಟಿಕೊಂಡು ಹೊರಡಬೇಕು. ಮತ್ತೆ ಸ್ಟ್ರೆಚ್ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳಬಾರದು, ಮಗು ಹಿಂದಕ್ಕೆ ಬಾಗಿದರೆ ಬಟ್ಟೆಯೂ ಅದರ ಜೊತೆ ಹಿಗ್ಗುತ್ತದೆ. ತೂಕ ಏರಿದ ಹಾಗೆ ಮುಂದೆಯೂ ಜೋತು ಬೀಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಹುಟ್ಟಿದ ಮಗುವಿಗಾದರೆ ತಗೊಳ್ಳಿ ಅನ್ನುತ್ತೇನೆ. ಉಳಿದ ತಿಂಗಳಿಗೆ ನನ್ನ ವೋಟು ಇಲ್ಲ.

ಬಿಜೈ ಅಪ್ಪ:

ನಮ್ಮ ಮನೆಯಲ್ಲಿ ಬಕಲ್ ಕ್ಯಾರಿಯರ್. ಕಾರಣ ಸಿಂಪಲ್, ನಾನೂ ಹಾಕಿಕೊಳ್ಳಬೇಕು. ಹೆಂಡತಿ ಐದಡಿ, ನಾನು ಆರಡಿ. ಬಕಲ್ ಆದರೆ ಪಟ್ಟಿ ಎಳೆದರೆ ಆಯಿತು. ರಿಂಗ್ ಸ್ಲಿಂಗ್ ಅಳತೆ ಪ್ರಕಾರ ಬರುತ್ತದೆ, ಅವಳಿಗೆ ಸರಿಯಾದದ್ದು ನನ್ನ ಹೆಗಲಿಗೆ ಗಿಡ್ಡ.

ಸಣ್ಣ ಮಗುವಿಗೆ ಬಕಲ್ ಕೊಳ್ಳುವುದಾದರೆ ಎರಡು ಕಡೆ ನೋಡಿ. ಕೆಳಗೆ ಮಗು ಕೂರುವ ಜಾಗದ ಅಗಲವನ್ನು ಕಡಿಮೆ ಜಾಸ್ತಿ ಮಾಡಲು ಬರಬೇಕು, ಸಾಮಾನ್ಯವಾಗಿ ವೆಲ್ಕ್ರೋ ಇಲ್ಲವೇ ದಾರ ಇರುತ್ತದೆ. ಮೇಲೆ ಪ್ಯಾನೆಲ್‌ನ ಎತ್ತರವನ್ನೂ ಇಳಿಸಲು ಬರಬೇಕು. ಇವೆರಡೂ ಇಲ್ಲದ್ದು ಏಳೆಂಟು ತಿಂಗಳ ಮಗುವಿನ ಕ್ಯಾರಿಯರ್, ಡಬ್ಬದಲ್ಲಿ ಏನು ಬರೆದಿದ್ದರೂ ಸರಿ. ಕೆಲವು ಹಳೆ ಮಾಡೆಲ್‌ಗಳಿಗೆ ಸಣ್ಣ ಮಗುವಿಗೆ ಅಂತ ಒಳಗೆ ಹಾಕುವ ದಿಂಬು ಬೇರೆ ಬರುತ್ತದೆ. ಆ ದಿಂಬು ಈ ಸೆಕೆಗೆ ಕಂಬಳಿ ಹೊದ್ದ ಹಾಗೆ. ಮನೆಯ ಟವೆಲ್ ಮಡಚಿ ಒಳಗೆ ತುರುಕುವುದನ್ನೂ ಕೆಲವರು ಮಾಡುತ್ತಾರೆ, ಮಾಡಬೇಡಿ, ಅದು ಸರಿದು ಮುಖಕ್ಕೆ ಬರುತ್ತದೆ.

ಸೊಂಟಪಟ್ಟಿಯನ್ನು ಪ್ಯಾಂಟಿನ ಬೆಲ್ಟ್ ಥರ ಕೆಳಗೆ ಕಟ್ಟಬೇಡಿ. ಸಣ್ಣ ಮಗುವಿಗೆ ಅದು ಹೊಕ್ಕುಳಿಗಿಂತ ಮೇಲೆ ಬರಬೇಕು, ಆಗಲೇ ಮಗು ಮುತ್ತು ಕೊಡುವಷ್ಟು ಎತ್ತರಕ್ಕೆ ನಿಲ್ಲುವುದು. ಸಿಸೇರಿಯನ್ ಆದವರಿಗೂ ಅದೇ ಒಳ್ಳೆಯದು.

ಅಳುವ ಮಗುವಿನ ಬಗ್ಗೆ ಇನ್ನೊಂದು. ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಿರಿ, ನಿದ್ದೆ ಹೋದ ಮೇಲೆ ಕೂಡಲೇ ಮಲಗಿಸಬೇಡಿ, ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿರಿ, ಆಮೇಲೆ ಕೆಳಗಿಡಿ ಅಂತ. ನಮ್ಮ ಹಾಲ್‌ನಿಂದ ಬಾಲ್ಕನಿವರೆಗೆ ನಾನು ರಾತ್ರಿ ಇದನ್ನೇ ಮಾಡುವುದು. ಎಲ್ಲ ದಿನ ನಡೆಯುವುದಿಲ್ಲ, ನಡೆದ ದಿನ ಹಬ್ಬ.

ಸುರತ್ಕಲ್ ದೊಡ್ಡಮ್ಮ:

ಜಪಾನಿನವರು ಹೇಳಬೇಕಾಯಿತು ನೋಡಿ. ನನ್ನ ಅತ್ತೆ ಅಂಗಳದಲ್ಲಿ ನಡೆದೇ ಮಲಗಿಸುತ್ತಿದ್ದದ್ದು.

ಕಲ್ಸಂಕದ ಅಕ್ಕ:

ದೊಡ್ಡಮ್ಮ, ನಿಮ್ಮ ಅತ್ತೆ ಅದನ್ನು ಬರೆದು ಪೇಪರಿಗೆ ಕಳಿಸಲಿಲ್ಲ, ಅಷ್ಟೇ!

ಕಂಕನಾಡಿ ಫಿಸಿಯೋ:

ಸೊಂಟದ ಕೀಲಿನ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತೇನೆ. ಹುಟ್ಟಿದ ಮಗುವಿನ ತೊಡೆ ಮೂಳೆಯ ತಲೆ ಕೂರುವ ಗುಳಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಹೆಚ್ಚಿನ ಭಾಗ ಮೆದು ಎಲುಬು. ಮೊದಲ ತಿಂಗಳುಗಳಲ್ಲಿ ಕಾಲು ನೇರವಾಗಿ, ಜೋಡಿಸಿ ಇಟ್ಟಷ್ಟೂ ಕೀಲಿಗೆ ಒಳ್ಳೆಯದಲ್ಲ. ಕಪ್ಪೆ ಕೂತ ಹಾಗೆ ತೊಡೆ ಅಗಲವಾಗಿ, ಮೊಣಕಾಲು ಕುಂಡೆಗಿಂತ ಸ್ವಲ್ಪ ಮೇಲೆ ಇರಬೇಕು. ಮುಂದಿನಿಂದ ನೋಡಿದರೆ ಇಂಗ್ಲಿಷ್ ಎಮ್ ಅಕ್ಷರದ ಥರ ಕಾಣುತ್ತದೆ. ಬಟ್ಟೆ ಒಂದು ಮೊಣಕಾಲಿನ ಹಿಂಬದಿಯಿಂದ ಇನ್ನೊಂದರವರೆಗೆ ತೊಡೆಯನ್ನು ಹಿಡಿದಿರಬೇಕು.

ಅಗ್ಗದ ಕ್ಯಾರಿಯರ್‌ಗಳಲ್ಲಿ ಎರಡು ಕಾಲಿನ ಮಧ್ಯೆ ಸಪೂರ ಪಟ್ಟಿ ಮಾತ್ರ ಇರುತ್ತದೆ, ಮಗು ಅದರ ಮೇಲೆ ನೇತಾಡುತ್ತದೆ. ಆರೋಗ್ಯವಾಗಿರುವ ಮಗುವನ್ನು ಸ್ವಲ್ಪ ಹೊತ್ತು ಹಾಗೆ ಹಾಕಿದ್ದಕ್ಕೇ ಕೀಲು ಜಾರಿಬಿಡುತ್ತದೆ ಅಂತ ಹೆದರಿಸಲು ನಾನು ಬಂದಿಲ್ಲ. ಆದರೆ ಕಾಲು ಮೊದಲಾಗಿ ಹೊಟ್ಟೆಯಲ್ಲಿದ್ದ ಮಗು, ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಸೊಂಟದ ಕೀಲಿನ ತೊಂದರೆ ಇದ್ದರೆ, ಅದರಲ್ಲೂ ಹೆಣ್ಣು ಮಗುವಾದರೆ, ಅಪಾಯ ಜಾಸ್ತಿ. ಅಂಥವರು ಮೂಳೆ ಡಾಕ್ಟರ ಹತ್ತಿರ ತೋರಿಸಿಯೇ ಮುಂದುವರಿಯಿರಿ. ನಮ್ಮಲ್ಲಿ ಸ್ನಾನ ಆದ ಮೇಲೆ ಕಾಲು ನೇರ ಎಳೆದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ಅಭ್ಯಾಸ ಇದೆ ಅಲ್ವಾ, ನನಗೆ ಕ್ಯಾರಿಯರ್‌ಗಿಂತ ಅದರ ಚಿಂತೆಯೇ ಜಾಸ್ತಿ. ಸುತ್ತಿ, ಆದರೆ ಕಾಲು ಆಡಿಸಲು ಜಾಗ ಬಿಡಿ.

ಹೊರಗೆ ಮುಖ ಮಾಡಿ ಕೂರಿಸುವುದನ್ನು ಈಗ ಯೋಚಿಸಲೇ ಬೇಡಿ. ಕುತ್ತಿಗೆ ಚೆನ್ನಾಗಿ ನಿಂತ ಮೇಲೆ, ಅದೂ ಸ್ವಲ್ಪ ಹೊತ್ತು. ಹಿಪ್ ಸೀಟ್ ಅಂತ ಬರುತ್ತದಲ್ಲ, ಸೊಂಟಕ್ಕೆ ಸ್ಟೂಲ್ ಕಟ್ಟಿದ ಥರದ್ದು, ಅದು ಮಗು ತಾನಾಗಿ ಕೂರಲು ಕಲಿತ ಮೇಲಿನ ಮಾತು.

ತೊಕ್ಕೊಟ್ಟು ನಿವಾಸಿ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮಗೆ ಕಾರಿಲ್ಲ, ಸ್ಕೂಟರ್ ಮಾತ್ರ. ಹೆಂಡತಿ ಹಿಂದೆ ಕೂತು ಮಗುವನ್ನು ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡರೆ ಕೈಯಲ್ಲಿ ಹಿಡಿಯುವುದಕ್ಕಿಂತ ಸೇಫ್ ಅಲ್ವಾ? ನೇತ್ರಾವತಿ ಸೇತುವೆ ದಾಟಿ ಆಸ್ಪತ್ರೆಗೆ ಹೋಗಬೇಕು.

ಬಿಜೈ ಅಪ್ಪ:

ಬೇಡ ಮಾರಾಯ್ರೆ. ಕ್ಯಾರಿಯರ್ ನಡೆಯುವವರಿಗೆ ಮಾಡಿದ್ದು. ಸ್ಕೂಟರ್ ಸ್ಕಿಡ್ ಆದರೆ ಕಟ್ಟಿಕೊಂಡವರು ಮಗುವಿನ ಮೇಲೆಯೇ ಬೀಳುತ್ತಾರೆ. ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿದೆ. ಬೈಕು ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗು ಇದ್ದರೆ ಮಗುವನ್ನು ಸವಾರರಿಗೆ ಸೇರಿಸಿ ಕಟ್ಟುವ ಸೇಫ್ಟಿ ಹಾರ್ನೆಸ್ ಬೇಕು, 9 ತಿಂಗಳಿಂದ 4 ವರ್ಷದವರಿಗೆ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಹಾರ್ನೆಸ್ ಬೇರೆ, ಬೇಬಿ ಕ್ಯಾರಿಯರ್ ಬೇರೆ. ಮತ್ತೆ ಒಂಬತ್ತು ತಿಂಗಳೊಳಗಿನ ಮಗುವಿನ ಕುತ್ತಿಗೆ ಹೆಲ್ಮೆಟ್ ಭಾರ ತಡೆಯುವುದಿಲ್ಲ. ತೊಕ್ಕೊಟ್ಟಿನಿಂದ ಸಿಟಿ ಬಸ್ಸು ಒಂದರ ಹಿಂದೆ ಒಂದು ಉಂಟಲ್ಲ, ಇಲ್ಲವೇ ರಿಕ್ಷಾ ಹಿಡಿಯಿರಿ. ಕಾರಿನಲ್ಲಿ ಹೋದರೂ ಕ್ಯಾರಿಯರ್ ಕಾರ್ ಸೀಟಿನ ಕೆಲಸ ಮಾಡುವುದಿಲ್ಲ.

ಕಲ್ಸಂಕದ ಅಕ್ಕ:

ಬಸ್ಸಿನ ವಿಷಯಕ್ಕೆ ನಾನೂ ಸೇರಿಸುತ್ತೇನೆ. ನಮ್ಮ ಬಸ್ಸು ಡ್ರೈವರ್‌ಗಳ ಬ್ರೇಕು ಗೊತ್ತಲ್ಲ. ಮಗುವನ್ನು ಕಟ್ಟಿಕೊಂಡು ಕಂಬಿ ಹಿಡಿದು ನಿಲ್ಲಬೇಡಿ, ಸೀಟು ಕೇಳಿ ಕೂತುಕೊಳ್ಳಿ, ಮುಂದಿನ ಸೀಟಿನ ಕಂಬಿಗೆ ಮಗುವಿನ ತಲೆ ತಾಗದ ಹಾಗೆ ಒಂದು ಕೈ ಅಡ್ಡ ಇಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋಗುವವರು ಕ್ಯಾರಿಯರ್ ಬಿಚ್ಚಿ ಮಗುವನ್ನು ಕೈಯಲ್ಲಿ ಹಿಡಿಯಿರಿ. ನೀರಿಗೆ ಬಿದ್ದರೆ ಕಟ್ಟಿಕೊಂಡ ಮಗುವನ್ನು ಬಿಡಿಸಲು ಸಮಯ ಸಿಗುವುದಿಲ್ಲ. ಒಂದೂವರೆ ತಿಂಗಳಲ್ಲಿ ದ್ವೀಪಕ್ಕೆ ಯಾರೂ ಹೋಗಲಿಕ್ಕಿಲ್ಲ, ಆದರೂ ಹೇಳಿದೆ.

ಉಡುಪಿಯಲ್ಲಿ ಕೃಷ್ಣ ಮಠಕ್ಕೆ ಹೋಗುವ ಅಪ್ಪಂದಿರಿಗೆ ಇನ್ನೊಂದು ತಮಾಷೆ. ಒಳಗೆ ಅಂಗಿ ಬನಿಯನ್ ತೆಗೆಯಬೇಕಲ್ಲ. ಮಗು ನಿದ್ದೆಯಲ್ಲಿರುತ್ತದೆ, ಕ್ಯಾರಿಯರ್ ಅಂಗಿಯ ಮೇಲಿರುತ್ತದೆ. ನನ್ನ ಗಂಡ ಬಾಗಿಲಲ್ಲಿ ನಿಂತು ಬಕಲ್ ಒಂದೊಂದೇ ಬಿಚ್ಚಿದ್ದನ್ನು ಹಿಂದಿನ ಕ್ಯೂ ಪೂರ್ತಿ ನೋಡಿತ್ತು. ರಥಬೀದಿಯಲ್ಲೇ ಮಗುವನ್ನು ನಿಮ್ಮ ಕೈಗೆ ತಗೊಳ್ಳಿ.

ಕದ್ರಿ ಬಾಣಂತಿ:

ಅಪ್‌ಡೇಟ್. ಪಕ್ಕದ ಅಪಾರ್ಟ್‌ಮೆಂಟಿನವರ ಹತ್ತಿರ ಒಂದು ರಿಂಗ್ ಸ್ಲಿಂಗ್ ಇತ್ತು, ಕೇಳಿ ತಂದೆ. ಹಾಕಿಕೊಂಡೆ, ಮಗಳು ನಿದ್ದೆ ಹೋದಳು, ಅತ್ತೆ ಬಂದು ಎರಡು ಬೆರಳು ಹಾಕಿ ನೋಡಿದರು! ಆದರೆ ಎರಡು ತೊಂದರೆ. ಸ್ವಲ್ಪ ಹೊತ್ತಿಗೆ ರಿಂಗ್ ಎದೆಯ ಮಧ್ಯಕ್ಕೆ ಇಳಿಯುತ್ತದೆ, ಮಗುವೂ ಜೊತೆಗೆ ಇಳಿಯುತ್ತದೆ. ಮತ್ತೆ ಹೆಗಲ ಮೇಲೆ ಬಟ್ಟೆ ಹಗ್ಗದ ಥರ ಆಗಿ ಕುತ್ತಿಗೆ ಹತ್ತಿರ ಕೊರೆಯುತ್ತದೆ. ನಾನು ಕಟ್ಟುವುದು ತಪ್ಪಾ, ಸ್ಲಿಂಗೇ ಹೀಗಾ?

ಕಲ್ಸಂಕದ ಅಕ್ಕ:

ಎಲ್ಲರಿಗೂ ಮೊದಲು ಹೀಗೇ. ರಿಂಗನ್ನು ಶುರುವಿನಲ್ಲೇ ಹೆಗಲ ತುದಿಯಷ್ಟು ಎತ್ತರಕ್ಕೆ ಇಡಿ, ಮಗು ಕೂತ ಮೇಲೆ ಅದು ತಾನಾಗಿ ಇಳಿದು ಕಂಠದ ಮೂಳೆಯ ಹತ್ತಿರ ನಿಲ್ಲುತ್ತದೆ, ಅಲ್ಲೇ ಇರಬೇಕಾದದ್ದು. ಎರಡು ರಿಂಗಿನ ಮಧ್ಯೆ ಬಟ್ಟೆ ಮುದ್ದೆಯಾಗಿ ಹೋಗಿದ್ದರೆ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ. ಬಿಚ್ಚಿ, ಬಟ್ಟೆಯನ್ನು ಸೀರೆ ನೆರಿಗೆ ಹಿಡಿಯುವ ಹಾಗೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಿಡಿದು, ಎರಡೂ ರಿಂಗಿನ ಒಳಗಿನಿಂದ ತಂದು, ಮೇಲಿನ ರಿಂಗ್ ದಾಟಿಸಿ ಕೆಳಗಿನದರೊಳಗೆ ಹಾಕಿ, ಆಮೇಲೆ ಬೆರಳಿನಿಂದ ಹರಡಿ. ಮೇಲಿನ ಅಂಚು, ಮಧ್ಯ, ಕೆಳಗಿನ ಅಂಚು, ಮೂರೂ ಬೇರೆ ಬೇರೆ ಕಾಣಬೇಕು. ಮಗುವಿನ ಕುತ್ತಿಗೆ ಹತ್ತಿರ ಸಡಿಲ ಇದ್ದರೆ ಮೇಲಿನ ಅಂಚನ್ನು ಮಾತ್ರ ಎಳೆಯಿರಿ. ಒಟ್ಟಿಗೆ ಜಗ್ಗಬೇಡಿ. ಎಳೆಯುವಾಗ ಇನ್ನೊಂದು ಕೈಯಲ್ಲಿ ಮಗುವನ್ನು ಕೆಳಗಿನಿಂದ ಸ್ವಲ್ಪ ಎತ್ತಿ ಹಿಡಿಯಿರಿ, ಭಾರ ಇದ್ದಾಗ ಬಟ್ಟೆ ಜಾರುವುದಿಲ್ಲ.

ಕುಂಡೆಯ ಕೆಳಗೆ ಬಟ್ಟೆ ಸಾಕಷ್ಟು ಇರಬೇಕು. ನಿಮ್ಮ ಮತ್ತು ಮಗುವಿನ ಹೊಟ್ಟೆಯ ಮಧ್ಯಕ್ಕೆ ಒಂದು ಗೇಣಿನಷ್ಟು ಬಟ್ಟೆ ತಳ್ಳಿ, ಅದೇ ಮಗು ಕೂರುವ ಜೋಳಿಗೆ. ಅದು ಬಿಟ್ಟುಹೋದರೆ ಕಾಲು ಆಡಿಸಿದಾಗ ಬಟ್ಟೆ ಮೇಲಕ್ಕೆ ಸರಿದು ಮಗು ಕೆಳಗಿನಿಂದ ಜಾರುತ್ತದೆ. ಹೆಗಲಲ್ಲಿ ಕೊರೆಯುವುದಕ್ಕೆ, ಬಟ್ಟೆಯನ್ನು ತೋಳಿನ ಕಡೆಗೆ ಅಗಲ ಹರಡಿ, ಬೆನ್ನ ಹಿಂದೆಯೂ ಹರಡಿ. ಒಂದು ಹೊತ್ತು ಎಡ, ಒಂದು ಹೊತ್ತು ಬಲ. ಮೊದಲು ಕನ್ನಡಿ ಮುಂದೆ, ಹಾಸಿಗೆಯ ಹತ್ತಿರ ನಿಂತು ಕಲಿಯಿರಿ. ಬಗ್ಗುವಾಗ ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಚಿ ಕೂರಿ, ಒಂದು ಕೈ ಮಗುವಿನ ಮೇಲೆ.

ಮಣಿಪಾಲದ ಸಿಸ್ಟರ್:

ಹಾಲು ಕುಡಿಸುವುದನ್ನು ಮಾತ್ರ ಸ್ಲಿಂಗ್ ಒಳಗೇ ಮಾಡಬೇಡಿ. ಕೆಲವು ವಿಡಿಯೋದಲ್ಲಿ ಮನೆಕೆಲಸ ಮಾಡುತ್ತಾ ಕುಡಿಸುವುದು ತೋರಿಸುತ್ತಾರೆ. ಆಗ ಮಗು ಕೆಳಗೆ ಇಳಿದಿರುತ್ತದೆ, ಮುಖ ಎದೆಗೆ ಒತ್ತಿರುತ್ತದೆ, ಅಲ್ಲೇ ನಿದ್ದೆ ಹೋಗುತ್ತದೆ. ಹೊರಗೆ ತೆಗೆಯಿರಿ, ಕೂತು ಕುಡಿಸಿ, ತೇಗು ತೆಗೆಸಿ, ಮತ್ತೆ ಹಾಕಿ. ಸೆಕೆಗೆ ಒಂದು ತೆಳು ಹತ್ತಿ ಜಬಲಾ ಸಾಕು, ಸ್ಲಿಂಗ್ ಬಟ್ಟೆಯೇ ಒಂದು ಅಂಗಿ ಅಂತ ಲೆಕ್ಕ ಹಾಕಿ. ಬಿಸಿ ಆಗಿದೆಯಾ ಅಂತ ನೋಡಲು ಕೈ ಕಾಲು ಮುಟ್ಟಬೇಡಿ, ಕುತ್ತಿಗೆಯ ಹಿಂದೆ ಮುಟ್ಟಿ. ಅಲ್ಲಿ ಬೆವರು ಇದ್ದರೆ ತೆಗೆದು ಗಾಳಿಗೆ ಹಿಡಿಯಿರಿ. ಆರು ವಾರದ ಚುಚ್ಚುಮದ್ದು ಹಾಕಿಸಿಕೊಂಡು ಬರುವಾಗ ತೊಡೆ ಊದಿರುತ್ತದೆ, ಬಟ್ಟೆ ಅಲ್ಲೇ ಒತ್ತುತ್ತದೆ, ಆ ದಿನ ಕೈಯಲ್ಲೇ ಎತ್ತಿಕೊಳ್ಳಿ.

ಕುಂದಾಪುರದ ಹೊಸ ಅಮ್ಮ:

ಕ್ಯಾರಿಯರ್ ಹಾಕಿದರೆ ಅಳು ನಿಲ್ಲುತ್ತದೆ ಅಂತ ಜಾಹೀರಾತಿನಲ್ಲಿ ಬರುತ್ತದೆ, ಅದು ಹೌದಾ? ಸಂಜೆ ಆರಕ್ಕೆ ಶುರುವಾದರೆ ನನ್ನ ಮಗನದ್ದು ನಿಲ್ಲುತ್ತಲೇ ಇರಲಿಲ್ಲ.

ಮಣಿಪಾಲದ ಸಿಸ್ಟರ್:

ಅರ್ಧ ಹೌದು. 1986ರಲ್ಲಿ ಕೆನಡಾದಲ್ಲಿ ಒಂದು ಪ್ರಯೋಗ ನಡೆದಿತ್ತು. ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರು ವಾರದ ಹೊತ್ತಿಗೆ ಉಳಿದವರಿಗಿಂತ 43 ಶೇಕಡಾ ಕಡಿಮೆ ಅತ್ತಿದ್ದರು. ಅದರಲ್ಲಿ ಅತ್ತ ಮೇಲೆ ಮಾತ್ರ ಎತ್ತಿಕೊಂಡದ್ದಲ್ಲ, ಸುಮ್ಮನಿರುವಾಗಲೂ ಎತ್ತಿಕೊಂಡಿದ್ದರು. ಆದರೆ 1991ರಲ್ಲಿ ಅದೇ ಸಂಶೋಧಕರು ಕೋಲಿಕ್, ಅಂದರೆ ಕಾರಣ ಗೊತ್ತಾಗದೆ ಗಂಟೆಗಟ್ಟಲೆ ಅಳುವ ತೊಂದರೆ, ಇರುವ ಮಕ್ಕಳ ಮೇಲೆ ನೋಡಿದಾಗ ಪ್ರಯೋಜನ ಕಾಣಲಿಲ್ಲ. ನಿಮ್ಮ ಮಗನದ್ದು ಎರಡನೇ ಥರ ಇದ್ದಿರಬೇಕು. ಅಂಥ ಮಗುವಿಗೆ ಸ್ಲಿಂಗ್ ಹಾಕಿದರೂ ಅಳುತ್ತದೆ, ನಿಮ್ಮ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ.

ಕದ್ರಿ ಬಾಣಂತಿ:

ಹಾಗಾದರೆ ನನ್ನ ಲೆಕ್ಕ ಹೀಗೆ. ಈಗ ಹತ್ತಿಯ ರಿಂಗ್ ಸ್ಲಿಂಗ್ ನನ್ನ ಅಳತೆಗೆ ತರಿಸುತ್ತೇನೆ. ಗಂಡನಿಗೆ ಅಂತ ಬಕಲ್ ಇರುವುದನ್ನು ಕುತ್ತಿಗೆ ನಿಂತ ಮೇಲೆ ನೋಡೋಣ. ಅಲ್ಲಿವರೆಗೆ ಅವರು ಕೈಯಲ್ಲೇ ಎತ್ತಿಕೊಂಡು ನಡೆಯಲಿ, ಐದು ನಿಮಿಷ ಜಪಾನ್ ಲೆಕ್ಕದಲ್ಲಿ. ಅತ್ತೆಗೂ ರಿಂಗ್ ಸ್ಲಿಂಗ್ ಸರಿ ಅನ್ನಿಸಿದೆ, ಅವರಿಗೆ ಬೇಡ ಅನ್ನಿಸಿದ್ದು ಬಕಲ್‌ನ ಟಕ್ ಟಕ್ ಸದ್ದಂತೆ.

ಪಣಂಬೂರು ಪ್ರಸಾದ:

ನಮ್ಮ ಹತ್ತಿರ ಬಕಲ್ ಕ್ಯಾರಿಯರ್ ಒಂದು ಸುಮ್ನೆ ಬಿದ್ದಿದೆ. ಅಗಲ, ಎತ್ತರ ಎರಡೂ ಹೊಂದಿಸಲು ಬರುತ್ತದೆ. ಮಗ ಈಗ ನಡೆಯುತ್ತಾನೆ, ಎತ್ತಿದರೆ ಇಳಿಸು ಅಂತ ಗಲಾಟೆ. ಅರ್ಧ ರೇಟಿಗೆ ಕೊಡುತ್ತೇವೆ. ಈಗ ಬೇಡವಾದರೂ ಮುಂದಕ್ಕೆ ಆಗುತ್ತದೆ.

ಕಂಕನಾಡಿ ಫಿಸಿಯೋ:

ಹಳೆಯದ್ದು ತಗೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ. ಭುಜದ ಪಟ್ಟಿ ಪ್ಯಾನೆಲ್‌ಗೆ ಸೇರುವ ಜಾಗದಲ್ಲಿ ಹೊಲಿಗೆ ಬಿಟ್ಟಿರಬಾರದು, ದಾರ ನವೆದಿರಬಾರದು. ಬಕಲ್ ಹಾಕಿದಾಗ ಸದ್ದು ಸರಿಯಾಗಿ ಬರಬೇಕು, ಹಾಕಿದ ಮೇಲೆ ಜೋರಾಗಿ ಜಗ್ಗಿ ನೋಡಿ. ಬಿಸಿಲಲ್ಲಿ ಒಣಗಿಸಿ ಒಣಗಿಸಿ ಪ್ಲಾಸ್ಟಿಕ್ ಬಿಳಿಚಿ ಬಿರುಕು ಬಂದಿರುತ್ತದೆ, ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ. ತೂಕದ ಲೇಬಲ್ ಕತ್ತರಿಸಿ ಹಾಕಿದ್ದರೂ ಬೇಡ. ಲೇಬಲ್‌ನಲ್ಲಿ ಇಎನ್ 13209-2 ಇಲ್ಲವೇ ಎಎಸ್‌ಟಿಎಮ್ ಎಫ್ 2236 ಅಂತ ಇದ್ದರೆ, ಇಂಥ ಕ್ಯಾರಿಯರ್‌ಗಳಿಗೆ ಇರುವ ಯುರೋಪಿನ, ಅಮೆರಿಕದ ಸುರಕ್ಷತಾ ಮಾನದಂಡ ಅದು. ರಿಂಗ್ ಸ್ಲಿಂಗ್ ಆದರೆ ರಿಂಗ್‌ನಲ್ಲಿ ಬೆಸುಗೆ ಹಾಕಿದ ಜೋಡಣೆ ಇದೆಯಾ ಅಂತ ಬೆರಳಾಡಿಸಿ ನೋಡಿ, ಜೋಡಣೆ ಇರಬಾರದು.

ಪಣಂಬೂರು ಪ್ರಸಾದ:

ಲೇಬಲ್ ಇದೆ, 3.5 ಕೆಜಿಯಿಂದ ಅಂತ ಬರೆದಿದೆ. ಹೊಲಿಗೆ ನೋಡಿದೆ, ಚೆನ್ನಾಗಿದೆ. ಒಂದು ಬಕಲ್ ಸ್ವಲ್ಪ ಬಿಗಿ. ಭಾನುವಾರ ಸಂಜೆ ಮನೆಯಲ್ಲಿ ಇರುತ್ತೇವೆ, ಮಗುವನ್ನೂ ಕರೆದುಕೊಂಡು ಬನ್ನಿ, ಯಜಮಾನರೂ ಹಾಕಿ ನೋಡಲಿ. ಸರಿ ಬಂದರೆ ಮಾತ್ರ ದುಡ್ಡು ಕೊಡಿ.